ಕೆಲಸ ನಿಂತ ದಿನದ ಅಳತೆ



ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರುವ ಒಂದು ಫೋನ್ ಮಾತಿದೆ. “ಲೇಬರ್ ಊರಿಗೆ ಹೋಗಿದಾರೆ ಸಾರ್, ಹಬ್ಬ ಮುಗಿಸ್ಕೊಂಡು ಬರ್ತಾರೆ. ಸೋಮವಾರ ಕೆಲಸ ಶುರು, ಗ್ಯಾರಂಟಿ.” ಸೋಮವಾರ ಬಂದು ಹೋಗುತ್ತದೆ. ಅದರಾಚೆಯ ಸೋಮವಾರವೂ ಹೋಗುತ್ತದೆ. ಆಮೇಲೆ ಫೋನು ಬರೀ ರಿಂಗಾಗುತ್ತದೆ. ಒಂದು ಸಂಜೆ ಸೈಟಿನ ಹತ್ತಿರ ಹೋಗಿ ನೋಡಿದರೆ ಸೆಂಟ್ರಿಂಗ್ ಶೀಟು, ಜಾಕಿ, ಕಾಂಕ್ರೀಟ್ ಕಲಸುವ ಮಿಷನ್ನು, ಒಂದೂ ಇಲ್ಲ. ಮಧ್ಯಾಹ್ನ ಟೆಂಪೋ ಬಂದು ತುಂಬಿಕೊಂಡು ಹೋಯಿತು ಎಂದು ಪಕ್ಕದ ಮನೆಯವರು ಹೇಳುತ್ತಾರೆ. ಕಂಟ್ರಾಕ್ಟರು ಬಾಯಲ್ಲಿ ಏನೇ ಹೇಳುತ್ತಿರಲಿ, ಅವರು ಕೆಲಸ ಬಿಟ್ಟ ದಿನ ಅದೇ. ಆ ತಾರೀಖನ್ನು ಬರೆದಿಡಿ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದು ನಿವೃತ್ತನಾದವನು. ಆಮೇಲೆ ಮೈಸೂರಿನ ಸುತ್ತಮುತ್ತ ಹೀಗೆ ಅರ್ಧಕ್ಕೆ ನಿಂತ ಮನೆಗಳನ್ನು ಅಳೆದು ವರದಿ ಕೊಡುತ್ತಾ ಬಂದಿದ್ದೇನೆ. ಕೆಲವು ಸಲ ನ್ಯಾಯಾಲಯ ಕಮಿಷನರ್ ಎಂದು ನೇಮಿಸಿದೆ, ಕೆಲವು ಸಲ ಮನೆಯವರೇ ಕರೆದಿದ್ದಾರೆ. ಎಲ್ಲರೂ ಮೊದಲು ಕೇಳುವುದು ಒಂದನ್ನೇ: “ಕೇಸ್ ಹಾಕಬೇಕಾ ಸಾರ್?” ಹಾಕಬೇಕಾಗಿ ಬರಬಹುದು. ಆದರೆ ಅದಕ್ಕೆ ಮುಂಚೆ ಆಗಬೇಕಾದ ಕೆಲಸ ಅಳತೆ. ಮನೆ ಯಾವ ಹಂತಕ್ಕೆ ಬಂದು ನಿಂತಿದೆ, ಎಷ್ಟು ಕೆಲಸ ಆಗಿದೆ, ಆದ ಕೆಲಸದ ಗುಣ ಹೇಗಿದೆ ಎಂಬುದು ಕಾಗದದ ಮೇಲೆ ಬಂದಿರಬೇಕು. ಅದಿಲ್ಲದೆ ಹೋದರೆ ಎಷ್ಟು ಒಳ್ಳೆಯ ವಕೀಲರನ್ನು ಹಿಡಿದರೂ ಅವರ ಕೈ ಕಟ್ಟಿಹಾಕಿದ ಹಾಗೆಯೇ.

ಕಂಟ್ರಾಕ್ಟರು ಕೈಕೊಟ್ಟಾಗ ಜನ ಸಾಮಾನ್ಯವಾಗಿ ಎರಡರಲ್ಲಿ ಒಂದನ್ನು ಮಾಡುತ್ತಾರೆ. ಒಂದೋ, ಸಿಟ್ಟಿನಲ್ಲಿ ಆ ವಾರವೇ ಇನ್ನೊಬ್ಬ ಮೇಸ್ತ್ರಿಯನ್ನು ಕರೆತಂದು ಕೆಲಸ ಮುಂದುವರಿಸುತ್ತಾರೆ. ಹೊಸಬರು ಗೋಡೆಗೆ ಗಾರೆ ಬಳಿದರೆಂದರೆ ಹಳಬರ ತಪ್ಪೂ ಅದರೊಳಗೆ ಮುಚ್ಚಿಹೋಗುತ್ತದೆ, ಹಳಬರು ಮಾಡಿದ್ದೆಷ್ಟು ಎಂಬುದೂ ಮುಚ್ಚಿಹೋಗುತ್ತದೆ. ಎರಡು ವರ್ಷ ಕಳೆದು ವಿಚಾರಣೆಯಲ್ಲಿ ಹಳೆಯ ಕಂಟ್ರಾಕ್ಟರು, “ಗಾರೆ ಕೆಲಸವೂ ನಂದೇ ಸ್ವಾಮಿ” ಎಂದರೆ ಇಲ್ಲವೆನ್ನಲು ನಿಮ್ಮ ಬಳಿ ಏನಿದೆ? ಇಲ್ಲವೇ, ಕೇಸು ಮುಗಿಯುವವರೆಗೆ ಕಟ್ಟಡ ಮುಟ್ಟಬಾರದಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ಸುಮ್ಮನಿರುತ್ತಾರೆ. ಇತ್ತ ಬಾಡಿಗೆ, ಅತ್ತ ಬ್ಯಾಂಕಿನ ಬಡ್ಡಿ, ನಡುವೆ ಮಳೆಗೆ ನೆನೆಯುವ ಮನೆ. ಈ ಎರಡನೆಯ ಸಂಕಟ ನೋಡಿದಾಗ ನನಗೆ ನಿಜವಾಗಿ ಹೊಟ್ಟೆ ಉರಿಯುತ್ತದೆ. ಕಾನೂನು ಹಾಗೆ ಕಾಯಿರಿ ಎಂದು ಎಲ್ಲಿಯೂ ಹೇಳಿಲ್ಲ.

ಒಂದು ಮನೆಯ ವಿಷಯ ಹೇಳುತ್ತೇನೆ. ಮೂವತ್ತು–ನಲವತ್ತರ ಸೈಟು, ನಿವೃತ್ತ ಮೇಷ್ಟ್ರು ದಂಪತಿಯದು. ಮೋಲ್ಡ್ ಹಾಕಿ ಆಗಿತ್ತು, ಒಳಗೆ ಗೋಡೆಗಳು ಎದ್ದಿದ್ದವು, ಬಾಗಿಲಿನ ಚೌಕಟ್ಟು ಒಂದೇ ಒಂದು ನಿಂತಿತ್ತು, ಅದೂ ಬಾಗಿಲು ಪೂಜೆ ಮಾಡಿದ ಮುಂಬಾಗಿಲಿನದು. ಮೇಷ್ಟ್ರು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಹಿಡಿದು ಕೋಣೆ ಕೋಣೆ ಅಳೆದೆವು. ಅವರ ಹೆಂಡತಿ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಿಂಭಾಗದ ಒಂದು ಕಾಲಂ ಬುಡದಲ್ಲಿ ಜಲ್ಲಿ ಬಿಟ್ಟುಕೊಂಡು ಕಾಂಕ್ರೀಟು ತೂತುತೂತಾಗಿತ್ತು, ಕಂಬಿ ಹೊರಗೆ ಕಾಣುತ್ತಿತ್ತು. ಕಾಲಂನಲ್ಲಿ ಕಂಬಿಯ ಮೇಲೆ ಸಾಮಾನ್ಯವಾಗಿ 40 ಮಿಲಿಮೀಟರ್ ಕಾಂಕ್ರೀಟಿನ ಹೊದಿಕೆ ಇರಬೇಕು. ಅಲ್ಲಿ ಬೆರಳಿಟ್ಟರೆ ಕಂಬಿಯ ತುಕ್ಕು ಬೆರಳಿಗೆ ಹತ್ತುತ್ತಿತ್ತು. ಟೇಪು ಹಿಡಿದೇ ಅದರ ಫೋಟೋ ತೆಗೆದೆವು. ಆ ನೋಟ್‌ಬುಕ್ಕು, ಆ ಫೋಟೋ, ಅದರ ಮೇಲೆ ನಾನು ಬರೆದ ವರದಿ, ಮುಂದೆ ಅವರ ಇಡೀ ಪ್ರಕರಣ ನಿಂತದ್ದು ಇವುಗಳ ಮೇಲೆಯೇ.

ಸರ್ಕಾರಿ ಕೆಲಸದಲ್ಲಿ ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕವಿರುತ್ತದೆ. ಅದರಲ್ಲಿ ಅಳತೆ ಏರದೆ ಬಿಲ್ಲಾಗುವುದಿಲ್ಲ. ಸ್ವಂತ ಮನೆ ಕಟ್ಟಿಸುವವರಲ್ಲಿ ಈ ರೂಢಿಯೇ ಇಲ್ಲ, ಇರುವುದು ಚದರಕ್ಕೆ ಇಷ್ಟು ಎಂಬ ಒಂದು ಹಾಳೆಯ ಅಗ್ರಿಮೆಂಟು. ಹಾಗಾಗಿ ಕೆಲಸ ನಿಂತ ಮೇಲಾದರೂ ಆ ಪುಸ್ತಕವನ್ನು ನೀವು ತಯಾರು ಮಾಡಿಕೊಳ್ಳಬೇಕು. ಅಳತೆಗೆ ಕಂಟ್ರಾಕ್ಟರನ್ನೂ ಕರೆಯಿರಿ. ಇಂಥ ದಿನ, ಇಂಥ ಹೊತ್ತಿಗೆ ಸೈಟಿನಲ್ಲಿ ಜಂಟಿ ಅಳತೆ ಇದೆ, ಬನ್ನಿ ಎಂದು ಅಂಚೆಯಲ್ಲೂ ವಾಟ್ಸಾಪ್‌ನಲ್ಲೂ ತಿಳಿಸಿ. ಬಂದರೆ ಸಹಿ ಹಾಕಿಸಿಕೊಳ್ಳಿ. ಬಾರದಿದ್ದರೆ ಕರೆದರೂ ಬರಲಿಲ್ಲ ಎಂದು ಬರೆದು ಇಬ್ಬರು ಸಾಕ್ಷಿಗಳ ಸಹಿ ಪಡೆಯಿರಿ. ಅಳೆಯುವವರು ನಿಮ್ಮ ಭಾಮೈದನಾಗಿರುವುದು ಬೇಡ, ಅರ್ಹತೆ ಇರುವ, ನಿಮಗೂ ಅವರಿಗೂ ಸಂಬಂಧವಿಲ್ಲದ ಎಂಜಿನಿಯರಾಗಿರಲಿ. ಸ್ಥಳದಲ್ಲಿ ಉಳಿದ ಸಿಮೆಂಟು ಮೂಟೆ, ಕಂಬಿ, ಎಂ–ಸ್ಯಾಂಡು, ಬ್ಲಾಕುಗಳ ಲೆಕ್ಕವೂ ಅದರಲ್ಲಿ ಬರಲಿ. ಮೋಲ್ಡ್ ಹಾಕಿದ ದಿನ ಯಾವುದು, ಜಾಕಿ ಬಿಚ್ಚಿದ ದಿನ ಯಾವುದು ಎಂಬುದನ್ನೂ ಬರೆಯಿರಿ. ಭಾರತೀಯ ಮಾನಕದ ಪ್ರಕಾರ ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿಗೆ ಆಧಾರವನ್ನು ಕನಿಷ್ಠ 7 ದಿನ ಬಿಚ್ಚಬಾರದು, ಅದಕ್ಕಿಂತ ಅಗಲವಾದರೆ 14 ದಿನ. ಸಿಟ್ಟಿನಲ್ಲೋ ಇನ್ನೊಂದು ಸೈಟಿನ ಅವಸರದಲ್ಲೋ ಶೀಟು ಬೇಗ ಎತ್ತಿಕೊಂಡು ಹೋಗಿದ್ದರೆ, ಅದು ಹಣದ ಮಾತಷ್ಟೇ ಅಲ್ಲ, ನಿಮ್ಮ ತಲೆಯ ಮೇಲಿನ ಮಾತು. ಆಗ ತಜ್ಞರಿಂದ ಸ್ಲ್ಯಾಬಿನ ಪರೀಕ್ಷೆಯೇ ಆಗಬೇಕು.

ಇನ್ನು ದುಡ್ಡಿನ ಲೆಕ್ಕ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಮನೆ ಕಟ್ಟಿಸುವವರ ಅನುಭವದಿಂದಲೇ ಇರಬೇಕು ಎನ್ನಿಸುವಷ್ಟು ಸಲ ನಾನು ಒಂದೇ ಬಗೆಯ ಕರಾರು ನೋಡಿದ್ದೇನೆ. ಮೂವತ್ತು ಲಕ್ಷದ ಕೆಲಸ ಎಂದಿಟ್ಟುಕೊಳ್ಳಿ. ಅಡ್ವಾನ್ಸ್ ಇಷ್ಟು, ಪಾಯಕ್ಕೆ ಇಷ್ಟು, ಲಿಂಟಲ್‌ಗೆ ಇಷ್ಟು, ಮೋಲ್ಡಿಗೆ ಇಷ್ಟು ಎಂದು ಕೊಡುತ್ತಾ ಹೋಗಿ ಮೋಲ್ಡ್ ಹಾಕುವ ಹೊತ್ತಿಗೆ ಇಪ್ಪತ್ನಾಲ್ಕು ಲಕ್ಷ ಕೈಬಿಟ್ಟಿರುತ್ತದೆ. ನೋಡುವ ಕಣ್ಣಿಗೆ ಮನೆ ಮುಕ್ಕಾಲು ಮುಗಿದ ಹಾಗೆ ಕಾಣುತ್ತದೆ. ನಿಜದಲ್ಲಿ ಆದದ್ದು ಸುಮಾರು ಅರ್ಧ. ಗಾರೆ, ನೆಲಹಾಸು, ಕರೆಂಟಿನ ಕೆಲಸ, ನೀರಿನ ಪೈಪು, ಬಾಗಿಲು ಕಿಟಕಿ, ಬಣ್ಣ, ಇವೆಲ್ಲ ಸೇರಿದರೆ ಉಳಿದರ್ಧ. ಹದಿನೈದು ಲಕ್ಷದ ಕೆಲಸ ಮಾಡಿ ಇಪ್ಪತ್ನಾಲ್ಕು ಪಡೆದವರಿಗೆ ಮುಂದೆ ಕಾಣುವುದೇನು? ಇನ್ನು ಆರು ಲಕ್ಷ ಪಡೆದು ಹದಿನೈದು ಲಕ್ಷದ ಕೆಲಸ ಮಾಡಬೇಕು. ಅವರು ವಾಪಸು ಬಾರದಿರುವುದಕ್ಕೆ ಕಾರಣ ಅಲ್ಲೇ ಇದೆ. ಇನ್ನೂ ಅಗ್ರಿಮೆಂಟು ಮಾಡಿಕೊಳ್ಳದವರು ಯಾರಾದರೂ ಕೇಳುತ್ತಿದ್ದರೆ, ಆದ ಕೆಲಸಕ್ಕಿಂತ ಹಣ ಮುಂದೆ ಓಡದ ಹಾಗೆ ಕಂತುಗಳನ್ನು ಬರೆಸಿಕೊಳ್ಳಿ. ಪ್ರತಿ ಕಂತಿನಲ್ಲೂ ನೂರಕ್ಕೆ ಐದರಷ್ಟನ್ನಾದರೂ ಹಿಡಿದಿಟ್ಟು, ಮನೆ ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಕೊಡುವುದೆಂದು ಬರೆಸಿ. ಇಂಥ ಠೇವಣಿ ಸರ್ಕಾರಿ ಗುತ್ತಿಗೆಯಲ್ಲಿ ಹಳೆಯ ಪದ್ಧತಿ.

ನಷ್ಟ ಎಷ್ಟು ಎಂದು ಕೇಳಿದಾಗ ಹೆಚ್ಚಿನವರು, ಇಪ್ಪತ್ನಾಲ್ಕರಲ್ಲಿ ಹದಿನೈದು ಕಳೆದು ಒಂಬತ್ತು ಲಕ್ಷ ಎನ್ನುತ್ತಾರೆ. ಅದು ಕಡಿಮೆಯಾಯಿತು. ಉಳಿದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಲು ಇವತ್ತಿನ ದರದಲ್ಲಿ ಹದಿನೇಳು ಲಕ್ಷ ಬಿದ್ದರೆ, ನಿಮ್ಮ ಒಟ್ಟು ಖರ್ಚು ನಲವತ್ತೊಂದು. ಕರಾರಿನ ಬೆಲೆ ಮೂವತ್ತು. ನಷ್ಟ ಹನ್ನೊಂದು ಲಕ್ಷ. 1872ರ ಭಾರತೀಯ ಕರಾರು ಕಾಯ್ದೆಯ 73ನೇ ಸೆಕ್ಷನ್ ಕೊಡಿಸುವುದು ಈ ಬಗೆಯ ನಷ್ಟವನ್ನು, ಎಂದರೆ ಕರಾರು ಮುರಿದದ್ದರಿಂದ ಸಹಜವಾಗಿ ಬಂದ ನಷ್ಟವನ್ನು. ಕಳಪೆ ಕಾಲಂ ಸರಿಪಡಿಸಿದ ಖರ್ಚು ಅದಕ್ಕೆ ಸೇರುತ್ತದೆ. ತಡವಾದ್ದಕ್ಕೆ ಕಟ್ಟಿದ ಬಾಡಿಗೆಯನ್ನೂ ರಸೀದಿ ಸಮೇತ ಕೇಳಬಹುದು. ಆದರೆ ನಷ್ಟ ಹೆಚ್ಚಾಗದಂತೆ ನೀವೂ ಕೈಲಾದ ಕ್ರಮ ತೆಗೆದುಕೊಂಡಿದ್ದೀರಾ ಎಂಬುದನ್ನು ಅದೇ ಸೆಕ್ಷನ್ ನೋಡುತ್ತದೆ. ಮೂರು ವರ್ಷ ಮನೆಯನ್ನು ಮಳೆಗೆ ಬಿಟ್ಟು ಮೂರು ವರ್ಷದ ಬಾಡಿಗೆ ಕೇಳಿದರೆ ಪೂರ್ತಿ ಸಿಗುವುದು ಕಷ್ಟ. ತಡವಾದರೆ ದಿನಕ್ಕೆ ಸಾವಿರ ರೂಪಾಯಿ ದಂಡ ಎಂದು ಬರೆಸಿಕೊಂಡವರು ಗಮನಿಸಬೇಕು. 74ನೇ ಸೆಕ್ಷನ್ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿಯಷ್ಟೇ, ಅದರೊಳಗೆ ನ್ಯಾಯಸಮ್ಮತವಾದುದನ್ನು ನ್ಯಾಯಾಲಯ ನಿರ್ಧರಿಸುತ್ತದೆ.

ಈಗ ನಾನು ಒತ್ತಿ ಹೇಳಬೇಕೆಂದಿರುವ ಮಾತು. ನಿರ್ದಿಷ್ಟ ಪರಿಹಾರ ಕಾಯ್ದೆ ಎಂಬುದು 1963ರದು. 2018ರಲ್ಲಿ ಅದಕ್ಕೆ ತಿದ್ದುಪಡಿಯಾಗಿ 20ನೇ ಸೆಕ್ಷನ್ ಹೊಸದಾಗಿ ಬಂತು. ಒಬ್ಬರು ಕರಾರು ಮುರಿದರೆ, ನೊಂದವರು ಅದೇ ಕೆಲಸವನ್ನು ಬೇರೆಯವರಿಂದ ಅಥವಾ ತಾವೇ ನಿಂತು ಮಾಡಿಸಿಕೊಂಡು, ಅದಕ್ಕೆ ನಿಜವಾಗಿ ಆದ ಖರ್ಚನ್ನು ಮುರಿದವರಿಂದ ವಸೂಲು ಮಾಡಬಹುದು ಎಂದು ಅದು ಹೇಳುತ್ತದೆ. ಷರತ್ತು ಒಂದೇ: ಇಷ್ಟು ಸಮಯದೊಳಗೆ ಕೆಲಸ ಮಾಡಿ, ಇಲ್ಲವಾದರೆ ಬೇರೆಯವರಿಂದ ಮಾಡಿಸುತ್ತೇನೆ ಎಂದು ಕನಿಷ್ಠ 30 ದಿನಗಳ ಲಿಖಿತ ನೋಟಿಸು ಮೊದಲೇ ಕೊಟ್ಟಿರಬೇಕು. ಮೂವತ್ತು ದಿನ! ಮೂವತ್ತು ದಿನ ಕಾದು ಕಾನೂನಿನ ಬಲದ ಮೇಲೆ ಮನೆ ಮುಗಿಸಿಕೊಳ್ಳಬಹುದಾದ ಜನ ಮೂರು ಮಳೆಗಾಲ ಕಾಯುತ್ತಾರಲ್ಲ, ಈ ಒಂದು ವಿಷಯ ಪ್ರತಿ ಬಡಾವಣೆಗೂ ಮುಟ್ಟಬೇಕು. ಈ ದಾರಿ ಹಿಡಿದ ಮೇಲೆ, ಅದೇ ಕಂಟ್ರಾಕ್ಟರೇ ಬಂದು ಕೆಲಸ ಮಾಡಲಿ ಎಂದು ಕೇಳುವ ಹಕ್ಕು ಇರುವುದಿಲ್ಲ. ಪರಿಹಾರ ಕೇಳುವ ಹಕ್ಕು ಹಾಗೇ ಉಳಿಯುತ್ತದೆ. ನಿಮ್ಮ ಅಗ್ರಿಮೆಂಟಿನಲ್ಲಿ ಇದರ ಬಗ್ಗೆ ಬೇರೆ ಏನಾದರೂ ಒಪ್ಪಿಕೊಂಡಿದ್ದೀರಾ ಎಂದು ಒಮ್ಮೆ ಓದಿ ನೋಡಿ.

ನೋಟಿಸನ್ನು ವಕೀಲರಿಂದ ಕೊಡಿಸಿದರೆ ಒಳ್ಳೆಯದು, ನೀವೇ ಬರೆದರೂ ನಡೆಯುತ್ತದೆ. ಬೈಗುಳ ಬೇಡ. ಕರಾರಿನ ದಿನಾಂಕ, ಕೊಟ್ಟ ಹಣ, ಕೆಲಸ ನಿಂತ ದಿನ, ಉಳಿದ ಕೆಲಸ, ಗಡುವು, ಇಷ್ಟು ಸಾಕು. ಅಂಚೆಯಲ್ಲಿ ಸ್ವೀಕೃತಿ ಬರುವ ಹಾಗೆ ಕಳಿಸಿ. ಲಕೋಟೆ ವಾಪಸು ಬಂದರೆ ಒಡೆಯದೆ ಹಾಗೇ ಇಡಿ. ಇನ್ನೊಂದು ಸೂಕ್ಷ್ಮವಿದೆ. ಗಡುವು ಮುಖ್ಯವೆಂದು ಬರೆದಿದ್ದರೂ ಅದು ದಾಟಿದ ಮೇಲೆ ಒಂದು ಮಾತೂ ಆಡದೆ ತಡವಾದ ಕೆಲಸ ಒಪ್ಪಿಕೊಂಡು ಹಣ ಕೊಡುತ್ತಾ ಹೋದರೆ, ಆಮೇಲೆ ಆ ವಿಳಂಬಕ್ಕೆ ಪರಿಹಾರ ಕೇಳಲು ಕರಾರು ಕಾಯ್ದೆಯ 55ನೇ ಸೆಕ್ಷನ್ ಅಡ್ಡ ಬರುತ್ತದೆ. “ತಡವಾಗಿದೆ, ಕೆಲಸ ಮುಂದುವರಿಸಿ, ಆದರೆ ನಷ್ಟ ಕೇಳುವ ಹಕ್ಕು ಬಿಟ್ಟಿಲ್ಲ” ಎಂದು ಆಗಲೇ ಬರೆದು ತಿಳಿಸಿರಬೇಕು.

ಲಿಖಿತ ಕರಾರೇ ಇಲ್ಲ, ನೆಂಟರ ಕಡೆಯವರು ಎಂದು ಬಾಯಿಮಾತಿನಲ್ಲಿ ಕೆಲಸ ಕೊಟ್ಟೆವು ಎನ್ನುವವರು ಬಹಳ. ಧೈರ್ಯಗೆಡಬೇಡಿ, ಬಾಯಿಮಾತಿನ ಕರಾರೂ ಕರಾರೇ. ಅದನ್ನು ಸಾಬೀತು ಮಾಡಲು ಬ್ಯಾಂಕಿನಿಂದ ಹೋದ ಹಣ, ವಾಟ್ಸಾಪ್ ಮಾತುಕತೆ, ಅವರು ಕೈಯಲ್ಲಿ ಬರೆದುಕೊಟ್ಟ ಎಸ್ಟಿಮೇಟು ನೆರವಾಗುತ್ತವೆ. ಫೋನಿನ ಸಂದೇಶವನ್ನು ಸಾಕ್ಷ್ಯವಾಗಿ ಹಾಜರುಪಡಿಸಲು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕು. ಆದ್ದರಿಂದ ಆ ಫೋನನ್ನು ಮಾರಬೇಡಿ, ಸಂದೇಶ ಅಳಿಸಬೇಡಿ. ನಗದು ಕೊಟ್ಟವರ ಸ್ಥಿತಿಯೇ ನಿಜಕ್ಕೂ ಕಷ್ಟ. ಕೊಟ್ಟ ದಿನವೇ “ಇವತ್ತು ಎರಡು ಲಕ್ಷ ಕೊಟ್ಟಿದ್ದೇನೆ” ಎಂದು ಒಂದು ಸಂದೇಶ ಹಾಕಿ, ಆ ಕಡೆಯಿಂದ “ಓಕೆ ಸಾರ್” ಎಂದು ಬಂದಿದ್ದರೂ ಅದಕ್ಕೆ ಬೆಲೆಯಿದೆ.

ನೋಟಿಸಿನ ಗಡುವು ಮುಗಿದರೂ ಉತ್ತರವಿಲ್ಲ ಎಂದಾಗ ಎಲ್ಲಿಗೆ ಹೋಗಬೇಕು? ಸ್ವಂತ ವಾಸಕ್ಕೆ ಕಟ್ಟಿಸುತ್ತಿದ್ದವರಿಗೆ ಜಿಲ್ಲಾ ಗ್ರಾಹಕ ಆಯೋಗ ಹತ್ತಿರದ ದಾರಿ. ಮನೆ ಕಟ್ಟುವುದು ಗ್ರಾಹಕ ಕಾಯ್ದೆಯ ಅರ್ಥದಲ್ಲಿ ಸೇವೆ ಎಂಬುದು 1993ರಲ್ಲಿ ಕಾಯ್ದೆಗೇ ಸೇರಿತು. ಅದೇ ವರ್ಷ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಸ್ಪಷ್ಟಪಡಿಸಿತು. ಈಗಿನ 2019ರ ಕಾಯ್ದೆಯಡಿ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗ, ಅದಕ್ಕೆ ಮೇಲೆ 2 ಕೋಟಿಯವರೆಗೆ ರಾಜ್ಯ ಆಯೋಗ. ಇಪ್ಪತ್ನಾಲ್ಕು ಲಕ್ಷ ಕೊಟ್ಟವರಿಗೆ ದೂರಿನ ಶುಲ್ಕ ಸಾವಿರ ರೂಪಾಯಿ. ಎರಡು ವರ್ಷದೊಳಗೆ ಹೋಗಬೇಕು. ಸಿವಿಲ್ ದಾವೆಗಾದರೆ ಮೂರು ವರ್ಷ, ಕೋರ್ಟ್ ಶುಲ್ಕ ಹೆಚ್ಚು. ಬಹಳ ಸಾಕ್ಷಿಗಳ ವಿಚಾರಣೆ ಬೇಕಾದ ಜಟಿಲ ಪ್ರಕರಣಗಳಿಗೆ ಸಿವಿಲ್ ನ್ಯಾಯಾಲಯವೇ ಸರಿ, ಅಲ್ಲಿ ಸ್ಥಳಪರಿಶೀಲನೆಗೆ ಕಮಿಷನರನ್ನೂ ಕೇಳಬಹುದು. ರೆರಾ ಬಗ್ಗೆ ಅನೇಕರು ಕೇಳುತ್ತಾರೆ. ಅದು ಬಡಾವಣೆ, ಅಪಾರ್ಟ್‌ಮೆಂಟ್ ಮಾಡಿ ಮಾರುವವರನ್ನು ಕುರಿತ ಕಾನೂನು, ನಿಮ್ಮ ಸೈಟಿನಲ್ಲಿ ನಿಮ್ಮ ಮನೆ ಕಟ್ಟುವ ಕಂಟ್ರಾಕ್ಟರಿಗೆ ಅನ್ವಯಿಸುವುದಿಲ್ಲ.

ಪೊಲೀಸ್ ಠಾಣೆಗೆ ಓಡುವವರಿಗೆ ಅಲ್ಲಿ ಸಿಗುವ ಉತ್ತರ, “ಇದು ಸಿವಿಲ್ ಮ್ಯಾಟರ್”. ಬೇಸರವಾದರೂ ಹೆಚ್ಚಿನ ಪ್ರಕರಣಗಳಲ್ಲಿ ಅದು ಸರಿಯಾದ ಉತ್ತರವೇ. ಕರಾರು ಮುರಿದ ಮಾತ್ರಕ್ಕೆ ವಂಚನೆಯಾಗುವುದಿಲ್ಲ, ಮೋಸದ ಉದ್ದೇಶ ಮಾತು ಕೊಟ್ಟ ಆರಂಭದಲ್ಲೇ ಇತ್ತೆಂದು ತೋರಬೇಕು ಎಂದು ಸುಪ್ರೀಂ ಕೋರ್ಟು 2000ದಲ್ಲಿ ಹೇಳಿದೆ. ಒಂದೇ ತಿಂಗಳಲ್ಲಿ ಹತ್ತು ಕಡೆ ಅಡ್ವಾನ್ಸ್ ಪಡೆದು ಒಂದು ಕಡೆಯೂ ಗುದ್ದಲಿ ಹಾಕದವರ ವಿಷಯ ಬೇರೆ. ಅಂಥಲ್ಲಿ ಭಾರತೀಯ ನ್ಯಾಯ ಸಂಹಿತೆಯ 318ನೇ ಸೆಕ್ಷನ್ ಬರುತ್ತದೆ. ರಾಜಿಗೆಂದು ಕಂಟ್ರಾಕ್ಟರು ಚೆಕ್ ಕೊಟ್ಟು ಅದು ವಾಪಸಾದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸು, ಪಾವತಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ದೂರು. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ರಾಜಿ ಸಾಧ್ಯವಿದ್ದರೆ ಲೋಕ ಅದಾಲತ್ ಒಳ್ಳೆಯ ಜಾಗ. ಅಲ್ಲಿನ ತೀರ್ಪಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ.

ಕಂಟ್ರಾಕ್ಟರುಗಳ ಪಕ್ಷದ ಮಾತನ್ನೂ ಹೇಳಬೇಕು, ಏಕೆಂದರೆ ಅಳತೆಯ ಟೇಪು ಯಾರ ಕಡೆಗೂ ವಾಲುವುದಿಲ್ಲ. ನಾನು ಅಳೆದ ಕೆಲವು ಮನೆಗಳಲ್ಲಿ ಕೊಟ್ಟ ಹಣಕ್ಕಿಂತ ಆದ ಕೆಲಸವೇ ಹೆಚ್ಚಿತ್ತು. ಮನೆಯವರು ನಡುವೆ ಒಂದು ಕೋಣೆ ದೊಡ್ಡದು ಮಾಡಿಸಿದ್ದರು, ಮಹಡಿಯ ಮೆಟ್ಟಿಲು ತಿರುಗಿಸಿದ್ದರು, ಸಂಪು ಸೇರಿಸಿದ್ದರು. ಹೆಚ್ಚುವರಿ ಕೆಲಸದ ದರ ಮಾತ್ರ ಯಾರೂ ಬರೆದಿಟ್ಟಿರಲಿಲ್ಲ. ಕಂಬಿಯ ಬೆಲೆ ಏರಿದಾಗ ಸಣ್ಣ ಕಂಟ್ರಾಕ್ಟರು ನಿಜವಾಗಿ ಮುಳುಗುತ್ತಾರೆ. ಅಂಥವರನ್ನು ಕೂರಿಸಿಕೊಂಡು ಮಾತಾಡಿ, ಅಳತೆಯ ಪ್ರಕಾರ ಲೆಕ್ಕ ಮುಗಿಸಿ, ಬಿಡುಗಡೆ ಪತ್ರ ಬರೆಸಿಕೊಂಡು ಕಳಿಸುವುದು ಎರಡೂ ಕಡೆಗೆ ಒಳ್ಳೆಯದು. ಇನ್ನು ಶೆಡ್ಡಿನಲ್ಲಿ ಉಳಿದುಬಿಟ್ಟ ಕೂಲಿಯವರು, ರಾಯಚೂರು, ಯಾದಗಿರಿ ಕಡೆಯಿಂದಲೋ ಬಿಹಾರದಿಂದಲೋ ಬಂದವರು, ಅವರಿಗೂ ಬಟವಾಡೆ ಆಗಿರುವುದಿಲ್ಲ. ಕಂಟ್ರಾಕ್ಟರ ಮೇಲಿನ ಸಿಟ್ಟನ್ನು ಅವರ ಮೇಲೆ ತೀರಿಸಬೇಡಿ. ಪಾಯ ಎಷ್ಟು ಆಳ ತೋಡಿದರು, ಮೋಲ್ಡಿಗೆ ಎಷ್ಟು ಮೂಟೆ ಹೋಯಿತು ಎಂದು ಕಣ್ಣಾರೆ ಕಂಡವರು ಅವರು. ಆ ಮೇಷ್ಟ್ರ ಮನೆಯಲ್ಲಿ ಗಾರೆ ಮೇಸ್ತ್ರಿಯೇ ಬಂದು, “ಈ ಕಾಲಂ ಹಾಕೋವಾಗ ವೈಬ್ರೇಟರ್ ಕೆಟ್ಟಿತ್ತು ಸ್ವಾಮಿ, ನಾನು ಬೇಡ ಅಂದೆ, ಕೇಳ್ಲಿಲ್ಲ” ಎಂದು ಹೇಳಿಕೆ ಕೊಟ್ಟದ್ದು ಬಹಳ ನೆರವಾಯಿತು.

ಮೂವತ್ತು ದಿನ ಕಾಯುವಾಗ ಕಟ್ಟಡವನ್ನು ಕಾಪಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಅಳತೆ, ಫೋಟೋ ಆದ ಮೇಲೆ ಮೇಲೆದ್ದು ನಿಂತ ಕಂಬಿಗಳಿಗೆ ಸಿಮೆಂಟನ್ನು ನೀರಾಗಿ ಕದಡಿ ಬಳಿಸಿ. ಗೋಡೆಯ ತಲೆಯ ಮೇಲೆ ಟಾರ್ಪಾಲು ಹೊದಿಸಿ. ಮೋಲ್ಡ್ ಮೇಲೆ ನೀರು ನಿಲ್ಲದಂತೆ ದಾರಿ ಬಿಡಿಸಿ. ಮೂರು ತಿಂಗಳು ಮೀರಿದ ಸಿಮೆಂಟನ್ನು ಪರೀಕ್ಷೆ ಮಾಡಿಸದೆ ಬಳಸಬೇಡಿ. ಈ ಖರ್ಚಿನ ರಸೀದಿಗಳನ್ನೂ ಇಟ್ಟುಕೊಳ್ಳಿ, ನಷ್ಟ ತಡೆಯಲು ನೀವು ಪ್ರಯತ್ನಿಸಿದ್ದಕ್ಕೆ ಅವೇ ಪುರಾವೆ.

ಹೊಸ ಕಂಟ್ರಾಕ್ಟರು ಬರುವ ದಿನ ಅಳತೆಯ ಪುಸ್ತಕವನ್ನು ಅವರ ಮುಂದಿಡಿ. ಇಷ್ಟು ಕೆಲಸ ಆಗಿರುವ ಕಟ್ಟಡವನ್ನು ನೋಡಿ ವಹಿಸಿಕೊಂಡಿದ್ದೇನೆ, ಈ ಕಾಲಂ ದುರಸ್ತಿ ಸಮೇತ ಉಳಿದ ಕೆಲಸ ಇಂತಿಷ್ಟು, ದರ ಇಷ್ಟು ಎಂದು ಬಾಬ್ತು ಬಾಬ್ತಾಗಿ ಬರೆಸಿ ಅದರ ಕೆಳಗೆ ಅವರ ಸಹಿ ಪಡೆಯಿರಿ. ಸಹಿಯ ಜೊತೆಗೆ ಅವರ ಪೂರ್ಣ ಹೆಸರು, ಮನೆಯ ವಿಳಾಸ, ಪ್ಯಾನ್ ಸಂಖ್ಯೆ ಇರಲಿ. ಬೋರ್ಡಿನ ಮೇಲಿನ ಸಂಸ್ಥೆಯ ಹೆಸರು ಸಾಲದು. ಬಿಲ್ಲುಗಳೆಲ್ಲ ನಿಮ್ಮ ಹೆಸರಿನಲ್ಲಿ, ನಿಮ್ಮ ಸೈಟಿನ ವಿಳಾಸಕ್ಕೇ ಆಗಲಿ. ಹಣ ಬ್ಯಾಂಕಿನ ಮೂಲಕವೇ ಹೋಗಲಿ. ಹಳೆಯ ಕಂಟ್ರಾಕ್ಟರಿಂದ ವಸೂಲಾಗಬೇಕಾದ ಖರ್ಚಿಗೆ ಆಯೋಗವೋ ನ್ಯಾಯಾಲಯವೋ ಕೇಳುವ ದಾಖಲೆ ಇವೇ, ಆ ಹೊತ್ತಿಗೆ ನೀವು ಹೊಸ ಮನೆಯಲ್ಲೇ ಇದ್ದು ಕೇಸು ನಡೆಸಬಹುದು.